ದಿಬ್ಬದ ಶಾಲೆ, ತಗ್ಗಿನ ಶಾಲೆ ಮತ್ತು ತೂಕದ ಸಾಹೇಬರು

ಊರಿನಲ್ಲಿ ಎರಡು ಸರ್ಕಾರಿ ಪ್ರೌಢಶಾಲೆಗಳಿದ್ದು, ಅವುಗಳಲ್ಲಿ ಒಂದು ಇನ್ನೊಂದಕ್ಕಿಂತ ಶ್ರೇಷ್ಠವಾದುದು ಎಂಬ ಅಂಶ ಸಾರ್ವಜನಿಕರೆಲ್ಲರ ಗಮನಕ್ಕೆ ಬಂದಿರುತ್ತದೆ. ಶ್ರೇಷ್ಠವಾದದ್ದು ದಿಬ್ಬದ ಮೇಲಿತ್ತು. ಇನ್ನೊಂದು ಬಸ್ ಡಿಪೋದ ಹಿಂದೆ, ತಗ್ಗಿನಲ್ಲಿತ್ತು. ಎರಡನ್ನೂ ಒಂದೇ ವರ್ಷದಲ್ಲಿ, ಒಂದೇ ನಕ್ಷೆ ಹಿಡಿದು, ಒಬ್ಬನೇ ಗುತ್ತಿಗೆದಾರ ಕಟ್ಟಿಸಿದ್ದರಿಂದ ಮಳೆ ಬಂದರೆ ಎರಡೂ ಕಡೆ ಒಂಬತ್ತನೇ ತರಗತಿಯ ಅದೇ ಮೂಲೆ ಸೋರುತ್ತಿತ್ತು. ದಿಬ್ಬದ ಶಾಲೆ ಸೋರಿದರೆ ಜನ, "ಹಳೇ ಕಟ್ಟಡ ನೋಡಿ, ಅದಕ್ಕೊಂದು ಘನತೆ ಇದೆ" ಎನ್ನುತ್ತಿದ್ದರು. ತಗ್ಗಿನ ಶಾಲೆ ಸೋರಿದರೆ, "ಅಲ್ಲಿ ಇನ್ನೇನಾಗತ್ತೆ ಬಿಡಿ" ಎನ್ನುತ್ತಿದ್ದರು. ದೂರದ ಬೆಟ್ಟ ನುಣ್ಣಗೆ ಎಂಬ ಮಾತಿದೆ, ಆದರೆ ದಿಬ್ಬ ಅಷ್ಟೇನೂ ದೂರವಿರಲಿಲ್ಲ.

ತಗ್ಗಿನ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಟೀಚರ್ ಎಂದು ಕರೆಯುತ್ತಿದ್ದರು. ಆಡಳಿತದ ಕೆಲಸದ ನಡುವೆಯೂ ಹತ್ತನೇ ತರಗತಿಯ ಗಣಿತವನ್ನು ಬೇರೆಯವರಿಗೆ ಬಿಟ್ಟುಕೊಡದ ಹೆಂಗಸು ಅವರು. ಅವರ ಮಕ್ಕಳು ಪ್ರತಿ ವರ್ಷ ದಿಬ್ಬದ ಮಕ್ಕಳಿಗಿಂತ ಹೆಚ್ಚೇ ಅಂಕ ತೆಗೆಯುತ್ತಿದ್ದರು. ಆದರೆ ತಗ್ಗಿನ ಶಾಲೆಯ ಅಂಕಗಳನ್ನು ನೋಡುವ ಅಭ್ಯಾಸ ಊರಿನಲ್ಲಿ ಯಾರಿಗೂ ಇರಲಿಲ್ಲ. ದೊಡ್ಡ ಟೀಚರ ಸ್ವಂತ ಅಕ್ಕನೇ ತನ್ನ ಮೊಮ್ಮಗನನ್ನು ದಿಬ್ಬಕ್ಕೆ ಸೇರಿಸಿದ್ದಳು.

"ನಿನ್ನ ಶಾಲೆ ಚೆನ್ನಾಗಿಲ್ಲ ಅಂತ ನಾನೆಲ್ಲಿ ಅಂದೆ?" ಎಂದಿದ್ದಳು ಅಕ್ಕ. "ಮೊಮ್ಮಗ ಎಲ್ಲಿ ಓದ್ತಾನೆ ಅಂತ ನಾಲ್ಕು ಜನ ಕೇಳ್ತಾರೆ ಕಣೇ. ಆಗ ಏನು ಹೇಳ್ಲಿ?"

"ಅವನಿಗೆ ಲೆಕ್ಕಾನೇ ಬರಲ್ವಲ್ಲಕ್ಕ."

"ಅದಕ್ಕೇ ಅಲ್ವಾ ಸಂಜೆ ನಿನ್ನ ಹತ್ರ ಕಳಿಸೋದು?"

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ಮೇಲಿನಿಂದ ಒಂದು ಸುತ್ತೋಲೆ ಬಂತು. 'ಸಮೀಪದಲ್ಲಿ ಎರಡು ಶಾಲೆಗಳಿದ್ದಲ್ಲಿ ಅವುಗಳ ಸಂಸ್ಕೃತಿ ಹಾಗೂ ಖ್ಯಾತಿಯನ್ನು ವೈಜ್ಞಾನಿಕವಾಗಿ ಹೋಲಿಸಿ, ಕಡಿಮೆ ಕಂಡುಬಂದ ಶಾಲೆಯನ್ನು ಮುಚ್ಚತಕ್ಕದ್ದು. ಸಂಸ್ಕೃತಿ ಎಂದರೆ, ಇದೆ ಎಂದು ಎಲ್ಲರೂ ಒಪ್ಪುವ ಆದರೆ ಎಲ್ಲಿದೆ ಎಂದು ಯಾರೂ ಕೇಳಬಾರದ ವಸ್ತು.'

ಓದಿ ದೊಡ್ಡ ಟೀಚರ್ ಹಾಜರಿ ಪುಸ್ತಕ ತೆರೆದರು. ಅವರ ಶಾಲೆಗೆ ಬರುತ್ತಿದ್ದವರು ಡಿಪೋದ ಮೆಕ್ಯಾನಿಕ್‌ಗಳ, ಟೈರ್ ರಿಪೇರಿಯವರ, ಮನೆಗೆಲಸದವರ ಮಕ್ಕಳು. ಬೆಳಿಗ್ಗೆ ತಮ್ಮ ತಂಗಿಯರಿಗೆ ತಲೆ ಬಾಚಿ, ಗಂಟೆ ಹೊಡೆದ ಮೇಲೆ ಓಡಿಬಂದು ಕೂರುವ ಹುಡುಗಿಯರು. ಶಾಲೆ ಮನೆಯ ಹಿತ್ತಲಲ್ಲಿದ್ದುದರಿಂದ ಬರುತ್ತಿದ್ದರು. ದಿಬ್ಬ ಹತ್ತಬೇಕೆಂದರೆ ಅರ್ಧಕ್ಕರ್ಧ ಮಂದಿ ಮನೆಯಲ್ಲೇ ಉಳಿಯುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಶಿಕ್ಷಣಾಧಿಕಾರಿಗಳು ಸ್ವಂತ ಹೊಣೆಯ ಮೇಲೆ ಕಿಟಕಿಯನ್ನೂ ತೆರೆಯದಷ್ಟು ಜಾಗರೂಕ ಮನುಷ್ಯ. ಹೋಲಿಕೆ ಮಾಡುವ ಪರಿಣತಿ ಯಾರಲ್ಲಿದೆ ಎಂದು ಅವರು ಎಲ್ಲ ಇಲಾಖೆಗಳಿಗೂ ಬರೆದು ಕೇಳಿದರು. ಉತ್ತರ ಬಂದದ್ದು ತೂಕ ಮತ್ತು ಅಳತೆ ಇಲಾಖೆಯಿಂದ ಮಾತ್ರ. ಹಾಗಾಗಿ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದರಲ್ಲೇ ಜೀವ ಸವೆಸಿದ್ದ ಒಬ್ಬ ಇನ್‌ಸ್ಪೆಕ್ಟರನ್ನು ಸಂಸ್ಕೃತಿಯ ಹೋಲಿಕೆಗೆ ನೇಮಿಸಲಾಯಿತು. ಜನ ಅವರನ್ನು ತೂಕದ ಸಾಹೇಬರು ಎನ್ನುತ್ತಿದ್ದರು.

"ತಕ್ಕಡಿ ಒಂದೇ ಇರ್ಬೇಕು," ಎಂದರು ತೂಕದ ಸಾಹೇಬರು ಮೊದಲ ಸಭೆಯಲ್ಲಿ. "ಇಲ್ಲೊಂದು ಅಂಗಡೀಲಿ ಸಕ್ಕರೆ ತೂಗಿ, ಅಲ್ಲೊಂದು ಅಂಗಡೀಲಿ ಮೊಳೆ ತೂಗಿ, ಯಾವುದು ಹೆಚ್ಚು ಅಂದ್ರೆ ನಾನು ಮುದ್ರೆ ಒತ್ತಲ್ಲ. ಎರಡೂ ಶಾಲೆ ಒಂದೇ ಕಡೆ ಬರ್ಲಿ."

ಎರಡೂ ಶಾಲೆಗಳನ್ನು ಒಂದೇ ಕಡೆ ತರಲು ಖಾಲಿ ಬಿದ್ದಿದ್ದ ಒಂದು ಸರ್ಕಾರಿ ಗೋದಾಮನ್ನು ಗೊತ್ತುಮಾಡಲಾಯಿತು. ಪೂರ್ತಿ ಶಾಲೆ ಹಿಡಿಸುವುದಿಲ್ಲವಾದ್ದರಿಂದ ಹತ್ತನೇ ತರಗತಿಯವರನ್ನು ಮಾತ್ರ, ಚೀಲಕ್ಕೆ ಕೊಕ್ಕೆ ಚುಚ್ಚಿ ಹಿಡಿಕಾಳು ತೆಗೆಯುವ ಪದ್ಧತಿಯಂತೆ, ಮಾದರಿಯಾಗಿ ಕರೆತಂದರು. ನಡುವೆ ಸುಣ್ಣದ ಗೆರೆ ಎಳೆದು ಎಡಕ್ಕೆ ದಿಬ್ಬದ ಶಾಲೆ, ಬಲಕ್ಕೆ ತಗ್ಗಿನ ಶಾಲೆ ಎಂದು ಕೂರಿಸಿದರು. ಪಾಠ ಬೇರೆಬೇರೆಯಾದರೆ ತೂಕ ಕೆಡುತ್ತದೆ ಎಂದು ಸಾಹೇಬರು ಅಭಿಪ್ರಾಯಪಟ್ಟದ್ದರಿಂದ ಎರಡೂ ಕಡೆಗೆ ಒಬ್ಬರೇ ಪಾಠ ಮಾಡಬೇಕಾಯಿತು. ದಿಬ್ಬದ ಶಾಲೆಯ ಗಣಿತದ ಮೇಷ್ಟ್ರು ಕೆಲವು ವರ್ಷಗಳಿಂದ ಎರಡು ದಿನದ ರಜೆಯಲ್ಲಿದ್ದರು. ಆದಕಾರಣ ದೊಡ್ಡ ಟೀಚರೇ ಸೀಮೆಸುಣ್ಣ ಹಿಡಿದರು.

ಒಂದೇ ಹಲಗೆ, ಒಂದೇ ಲೆಕ್ಕ, ಒಂದೇ ಗಂಟಲು. ಸಾಹೇಬರು ನೇಮಿಸಿದ್ದ ವೀಕ್ಷಕರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬರೆದುಕೊಂಡರು. ಎಡಗಡೆಯ ಹುಡುಗ ಆಕಳಿಸಿದಾಗ 'ನಿರಾಳ ವಾತಾವರಣ' ಎಂದು ಬರೆದರು, ಬಲಗಡೆಯವನು ಆಕಳಿಸಿದಾಗ 'ನಿರಾಸಕ್ತಿ'. ಪ್ರಶ್ನೆ ಕೇಳಿದರೆ ಎಡಗಡೆಯವರು ಸುಮ್ಮನಿದ್ದರು. ಅದು ಗಾಂಭೀರ್ಯವಾಯಿತು. ಬಲಗಡೆ ಮೊದಲ ಬೆಂಚಿನಲ್ಲಿದ್ದ ಟೈರ್ ರಿಪೇರಿಯವನ ಮಗಳು ಪ್ರತಿ ಪ್ರಶ್ನೆಗೂ ಕೈಯೆತ್ತಿ ಸರಿಯುತ್ತರ ಕೊಟ್ಟಳು. ಅದು ಅಧಿಕಪ್ರಸಂಗವಾಯಿತು.

ಪೋಷಕರೂ ನೋಡಲು ಬಂದು ನಿಂತಿದ್ದರು. ಬಿಡುವಿನಲ್ಲಿ ಆ ಟೈರ್ ರಿಪೇರಿಯವನು ಕೈಯೊರೆಸಿಕೊಳ್ಳುತ್ತಾ ಹತ್ತಿರ ಬಂದ.

"ಟೀಚರ್, ತಪ್ಪು ತಿಳ್ಕೋಬೇಡಿ. ಈ ಕಡೆಗಿಂತ ಆ ಕಡೆ ಪಾಠ ಚೆನ್ನಾಗಿ ನಡೀತಿದೆ."

"ಎರಡೂ ಕಡೆ ಮಾಡ್ತಿರೋದು ನಾನೇ ಕಣಪ್ಪ."

"ಅದು ಗೊತ್ತು ಟೀಚರ್. ಆದ್ರೂ ಆ ಕಡೆ ತಿರುಗಿ ಮಾಡುವಾಗ ಒಂದು ಕಳೆ ಇರತ್ತೆ."

ದೊಡ್ಡ ಟೀಚರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮರುದಿನ ಅವರು ಗಾಳಿ ಬೆಳಕಿನ ನೆಪ ಹೇಳಿ, ವೀಕ್ಷಕರು ಬರುವ ಮೊದಲೇ ಎಡಗಡೆಯವರನ್ನು ಬಲಕ್ಕೂ ಬಲಗಡೆಯವರನ್ನು ಎಡಕ್ಕೂ ಕೂರಿಸಿಬಿಟ್ಟರು. ಅಂದು ವೀಕ್ಷಕರು ಎಡಗಡೆಯನ್ನು ಎಂದಿಗಿಂತ ಹೆಚ್ಚು ಮೆಚ್ಚಿದರು. ಟೈರ್ ರಿಪೇರಿಯವನ ಮಗಳ ಉತ್ತರಗಳನ್ನು 'ಮನೆತನದಿಂದ ಬಂದ ಪ್ರತಿಭೆ' ಎಂದು ಬರೆದುಕೊಂಡರು. ಬಲಗಡೆ ಬಿದ್ದ ಅಕ್ಕನ ಮೊಮ್ಮಗನ ಬಗ್ಗೆ, 'ಈ ಹುಡುಗನ ಮನೆಯ ವಾತಾವರಣ ಸರಿಯಿಲ್ಲ' ಎಂಬ ಟಿಪ್ಪಣಿ ಬಿತ್ತು. ಅದೊಂದನ್ನು ಓದಿ ದೊಡ್ಡ ಟೀಚರಿಗೆ ಸ್ವಲ್ಪ ಸಮಾಧಾನವಾಯಿತು.

ಸಂಜೆ ಅವರು ನೇರವಾಗಿ ತೂಕದ ಸಾಹೇಬರ ಮುಂದೆ ನಿಂತರು. "ಸಾಹೇಬ್ರೇ, ಇವತ್ತು ಎಡಗಡೆ ಕೂತಿದ್ದೋರು ನನ್ನ ಮಕ್ಕಳು."

ಸಾಹೇಬರು ಕನ್ನಡಕ ತೆಗೆದು ಯೋಚಿಸಿದರು. "ಅಂದ್ರೆ ಸಾಮಾನು ಬದಲಾಯ್ಸಿದ್ರೂ ಎಡಗಡೆ ತಟ್ಟೆಯೇ ಕೆಳಗೆ ಹೋಯ್ತು?"

"ಹೌದು."

"ಬಹಳ ಅಪರೂಪ ಮೇಡಂ. ಇದಕ್ಕೆ ಸ್ಥಿರವಾದ ಫಲಿತಾಂಶ ಅಂತಾರೆ."

"ತಕ್ಕಡಿ ಕೆಟ್ಟಿದೆ ಅಂತಾರೆ ಸಾಹೇಬ್ರೇ. ಅಂಗಡಿಯವನದಾಗಿದ್ರೆ ನೀವು ಜಪ್ತಿ ಮಾಡ್ತಿದ್ರಿ."

"ಮಾಡ್ತಿದ್ದೆ," ಎಂದು ಸಾಹೇಬರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. "ಆದ್ರೆ ಇದು ಸರ್ಕಾರಿ ತಕ್ಕಡಿ. ಜಪ್ತಿ ಮಾಡಿ ಎಲ್ಲಿಡೋದು? ನಮ್ಮ ಹತ್ರಾನೇ ಇದೆಯಲ್ಲ."

ಫಲಿತಾಂಶ ಪ್ರಕಟವಾಯಿತು. ದಿಬ್ಬಕ್ಕೆ ತೊಂಬತ್ತೊಂದು, ತಗ್ಗಿಗೆ ನಲವತ್ತಮೂರು. ತಗ್ಗಿನ ಶಾಲೆಯನ್ನು ಮುಚ್ಚಿ ಮಕ್ಕಳೆಲ್ಲರನ್ನೂ ದಿಬ್ಬಕ್ಕೆ ಸೇರಿಸತಕ್ಕದ್ದು ಎಂದು ಆದೇಶವಾಯಿತು. ದೊಡ್ಡ ಟೀಚರ್ ಪ್ರಯೋಗಾಲಯದ ಗಾಜಿನ ನಳಿಕೆಗಳನ್ನು ಹಳೇ ಪತ್ರಿಕೆಯಲ್ಲಿ ಸುತ್ತುತ್ತಾ ಕೂತಿದ್ದರು. ಯಾರೂ ಇಲ್ಲದ ಕೋಣೆ, ಅತ್ತರೂ ನಡೆಯುತ್ತಿತ್ತು, ಸ್ವಲ್ಪ ಅತ್ತರು. ಅಷ್ಟರಲ್ಲಿ ದಿಬ್ಬದ ಶಾಲೆಯ ಹೆಡ್‌ಮಾಸ್ಟರು ಏದುಸಿರು ಬಿಡುತ್ತಾ ಒಳಗೆ ಬಂದರು. ಅವರು ತಗ್ಗಿಗೆ ಇಳಿದದ್ದು ಅದೇ ಮೊದಲು.

"ಮೇಡಂ, ದಯವಿಟ್ಟು ನೀವು ಮುಚ್ಚಬಾರ್ದು."

"ನಾನೆಲ್ಲಿ ಮುಚ್ತಿದ್ದೀನಿ ಸರ್? ನಿಮ್ಮ ತೊಂಬತ್ತೊಂದು ಮುಚ್ತಿದೆ."

"ನೀವು ಹೋದ್ರೆ ನಾವು ಯಾರಿಗಿಂತ ಚೆನ್ನಾಗಿರೋದು ಹೇಳಿ?" ಹೆಡ್‌ಮಾಸ್ಟರರ ದನಿ ನಿಜವಾಗಿಯೂ ನಡುಗುತ್ತಿತ್ತು. "ಊರಲ್ಲಿ ಒಂದೇ ಶಾಲೆ ಇದ್ರೆ ಅದು ಬರೀ ಶಾಲೆ ಅಷ್ಟೇ. ಅದೂ ಅಲ್ದೆ ನಿಮ್ಮ ಮಕ್ಕಳು ಮೇಲೆ ಬಂದು ಮೊದಲ ಹತ್ತು ಸ್ಥಾನ ತಗೊಂಡ್ರೆ ನಮ್ಮ ಪೋಷಕರಿಗೆ ನಾನು ಮುಖ ತೋರಿಸೋದು ಹೇಗೆ?"

ಹೆಡ್‌ಮಾಸ್ಟರರು ಪೋಷಕರ ದಂಡು ಕಟ್ಟಿಕೊಂಡು ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋದರು. ತಿದ್ದುಪಡಿ ಆದೇಶ ವಾರದೊಳಗೆ ಬಂತು. 'ಶ್ರೇಷ್ಠ ಶಾಲೆಯೊಂದರ ಖ್ಯಾತಿಯ ರಕ್ಷಣೆಗೆ ಕನಿಷ್ಠ ಶಾಲೆಯೊಂದು ಅತ್ಯಗತ್ಯವೆಂದು ಮನಗಂಡು, ತಗ್ಗಿನ ಶಾಲೆಯನ್ನು ಹೋಲಿಕಾ ಶಾಲೆ ಎಂಬ ದರ್ಜೆಯಲ್ಲಿ ಉಳಿಸಿಕೊಳ್ಳಲಾಗಿದೆ. ಸದರಿ ಶಾಲೆಯ ಫಲಿತಾಂಶವು ಯಾವುದೇ ವರ್ಷ ದಿಬ್ಬದ ಶಾಲೆಯ ಫಲಿತಾಂಶವನ್ನು ಮೀರಿದಲ್ಲಿ ಶಾಲೆಯನ್ನು ಮುಚ್ಚಲಾಗುವುದು. ಸೋರುವ ಮೂಲೆಯನ್ನು ದುರಸ್ತಿ ಮಾಡತಕ್ಕದ್ದಲ್ಲ.'

ದೊಡ್ಡ ಟೀಚರ್ ಗಾಜಿನ ನಳಿಕೆಗಳನ್ನು ಮತ್ತೆ ಬಿಚ್ಚಿಟ್ಟರು. ಶಾಲೆ ಉಳಿದದ್ದಕ್ಕೆ ಅವರಿಗೆ ಖುಷಿಯೇ ಆಯಿತು. ಉಳಿದ ಶಾಲೆಯನ್ನು ಕನಿಷ್ಠವಾಗಿಡುವುದು ಹೇಗೆ ಎಂದು ಚರ್ಚಿಸಲು ಅಧ್ಯಾಪಕರ ಸಭೆ ಕರೆದರು. ಸ್ವಲ್ಪ ಕಡಿಮೆ ಕಲಿಸಿದರೆ ಹೇಗೆ ಎಂದು ವಿಜ್ಞಾನದ ಮೇಷ್ಟ್ರು ಕೇಳಿದರು. ಎಲ್ಲರೂ ಎರಡು ವಾರ ಪ್ರಯತ್ನಪಟ್ಟರು, ಆದರೆ ಮಕ್ಕಳು ಕಲಿಯುವುದನ್ನು ನಿಲ್ಲಿಸಲಿಲ್ಲ.

"ನಮಗೆ ಅದರ ತರಬೇತಿ ಇಲ್ಲ," ಎಂದು ವಿಜ್ಞಾನದ ಮೇಷ್ಟ್ರು ಸೋಲೊಪ್ಪಿಕೊಂಡರು. "ದಿಬ್ಬದಿಂದ ಯಾರನ್ನಾದ್ರೂ ಕರೆಸಿ ಹೇಳಿಸ್ಬೇಕು."

ಕೊನೆಗೆ, ಮಕ್ಕಳು ಕಲಿಯಲಿ, ಪರೀಕ್ಷೆಯಲ್ಲಿ ಮಾತ್ರ ಒಂದಿಷ್ಟು ಬಿಡಲಿ ಎಂದು ತೀರ್ಮಾನವಾಯಿತು. ಪರೀಕ್ಷೆಯ ಹಿಂದಿನ ದಿನ ದೊಡ್ಡ ಟೀಚರ್ ಟೈರ್ ರಿಪೇರಿಯವನ ಮಗಳನ್ನು ಕೋಣೆಗೆ ಕರೆದರು. ಹೇಳಬೇಕಾದ ಮಾತಿಗೆ ಮೊದಲು ಮೂರು ಸಲ ನೀರು ಕುಡಿದರು.

"ನೀನು ಪೂರ್ತಿ ಬರೆದ್ರೆ ಶಾಲೆ ಮುಚ್ಚತ್ತೆ ಮಗಳೇ."

ಹುಡುಗಿ ಆಶ್ಚರ್ಯಪಡಲಿಲ್ಲ. "ನನ್ನ ತಂಗಿ ಈ ವರ್ಷ ಏಳನೇ ಕ್ಲಾಸು ಟೀಚರ್. ಮುಂದಿನ ವರ್ಷ ಅವಳು ಇಲ್ಲಿಗೇ ಬರ್ಬೇಕು. ಎಷ್ಟು ಬಿಡ್ಲಿ?"

"ಕೊನೇ ಎರಡು ದೊಡ್ಡ ಪ್ರಶ್ನೆ ಬಿಡು, ಸಾಕು."

"ಅದು ನಂಗೆ ಬರಲ್ಲ ಅಂತ ಅನ್ಕೊಳ್ತಾರೆ ಅಲ್ವಾ ಟೀಚರ್?"

"ಅನ್ಕೊಳ್ಳಿ ಬಿಡು. ನಂಗೊತ್ತಲ್ಲ."

ಹುಡುಗಿ ಹೇಳಿದಂತೆಯೇ ಮಾಡಿದಳು. ಉಳಿದವರೂ ಒಬ್ಬೊಬ್ಬರು ತಮ್ಮ ಕೈಲಾದಷ್ಟು ಬಿಟ್ಟುಬಂದರು. ದಿಬ್ಬದ ಶಾಲೆ ಸ್ಪಷ್ಟ ಅಂತರದಿಂದ ಮೊದಲ ಸ್ಥಾನ ಪಡೆಯಿತು. ಹೆಡ್‌ಮಾಸ್ಟರರು ತಾವೇ ತಗ್ಗಿಗೆ ಇಳಿದುಬಂದು, ಇಷ್ಟು ಶಿಸ್ತಾಗಿ ಹಿಂದುಳಿದದ್ದಕ್ಕೆ ಧನ್ಯವಾದ ಹೇಳಿ ಹೋದರು. ತೂಕದ ಸಾಹೇಬರು ಫಲಿತಾಂಶದ ಪ್ರತಿಯ ಮೇಲೆ ಮುದ್ರೆ ಒತ್ತಿದರು.

ಗಣಿತ ಪರೀಕ್ಷೆ ಮುಗಿದ ದಿನವೇ ಹುಡುಗಿ ಬಿಟ್ಟ ಎರಡು ಪ್ರಶ್ನೆಗಳಿಗೂ ಮನೆಯಲ್ಲಿ ಉತ್ತರ ಬರೆದು ತಂದು ಟೀಚರ ಮೇಜಿನ ಮೇಲೆ ಇಟ್ಟಿದ್ದಳು. ದೊಡ್ಡ ಟೀಚರ್ ಕೆಂಪು ಪೆನ್ನು ಹಿಡಿದು ಒಂದೊಂದೇ ಸಾಲು ನೋಡಿದ್ದರು. ಒಂದೂ ತಪ್ಪಿರಲಿಲ್ಲ. ಪೂರ್ತಿ ಅಂಕ ಕೊಟ್ಟು ಹಾಳೆ ವಾಪಸ್ ಕೊಟ್ಟಿದ್ದರು. ಹೆಮ್ಮೆಯಿಂದ ಅವರ ಕಣ್ಣು ತುಂಬಿ ಬಂದಿತ್ತು.

"ಅಪ್ಪಂಗೆ ತೋರಿಸ್ಲಾ ಟೀಚರ್?"

"ತೋರಿಸು. ಅವರಿಗೂ ಗೊತ್ತಾಗ್ಲಿ."

ಹೊಸ ವರ್ಷದ ಪ್ರವೇಶ ಶುರುವಾದ ದಿನ ಟೈರ್ ರಿಪೇರಿಯವನು ಚಿಕ್ಕ ಮಗಳ ಕೈ ಹಿಡಿದುಕೊಂಡು ಬಂದ. ದೊಡ್ಡವಳು ಬಾಗಿಲ ಹೊರಗೇ ನಿಂತಳು, ಒಳಗೆ ಬರಲಿಲ್ಲ. ಅವನು ಅಂಗಿಯ ಜೇಬಿನಿಂದ ಆ ಹಾಳೆಯನ್ನು ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲೆ ಹರಡಿದ.

"ನಮ್ಮ ಮಕ್ಕಳು ಇಷ್ಟು ಜಾಣರು ಅಂತ ನಂಗೆ ಗೊತ್ತೇ ಇರ್ಲಿಲ್ಲ ಟೀಚರ್. ನಿಮ್ಮಿಂದ ಗೊತ್ತಾಯ್ತು," ಎಂದು ಕೈಮುಗಿದ. "ದೊಡ್ಡವಳದಂತೂ ಮುಗೀತು. ಇವಳನ್ನಾದ್ರೂ ಒಳ್ಳೇ ಶಾಲೆಗೆ ಹಾಕೋಣ ಅಂತ. ದಿಬ್ಬದೋರು ಯಾರಾದ್ರೂ ದೊಡ್ಡೋರ ಶಿಫಾರಸು ಬೇಕು ಅಂದ್ರು."

ದೊಡ್ಡ ಟೀಚರ್ ಬಾಗಿಲ ಕಡೆ ನೋಡಿದರು. ಆಮೇಲೆ ಕುರ್ಚಿ ತೋರಿಸಿ ಅವನನ್ನು ಕೂರಿಸಿ, ಮಗು ಬಹಳ ಜಾಣೆ, ತಗ್ಗಿನ ಶಾಲೆಗೆ ತಕ್ಕವಳಲ್ಲ ಎಂದು ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರು.