ರಾಕ್ಷಸರ ಪರ ವಕಾಲತ್ತು ವಹಿಸಿದ ಅತ್ತೆ

ನನ್ನ ಅತ್ತೆಯ ಮಟ್ಟಿಗೆ ಈ ಪ್ರಪಂಚದಲ್ಲಿ ಇದುವರೆಗೆ ಒಬ್ಬನೇ ಒಬ್ಬ ರಾಕ್ಷಸನೂ ಹುಟ್ಟಿಲ್ಲ. ನಾವು ನೀವು ರಾಕ್ಷಸರೆಂದು ತಿಳಿದವರೆಲ್ಲ ಅವರ ಪ್ರಕಾರ ಸರಿಯಾಗಿ ನಿದ್ದೆಯಾಗದವರು, ಹೊತ್ತಿಗೆ ಊಟ ಸಿಗದವರು, ಇಲ್ಲವೇ ಚಿಕ್ಕಂದಿನಲ್ಲಿ ಕಿವಿನೋವೆಂದು ಅತ್ತಾಗ ಯಾರೂ ಎತ್ತಿಕೊಳ್ಳದೆ ಹೋದವರು! ರಾಕ್ಷಸರಿಗೆ ಒಂದು ಸಂಘವೇನಾದರೂ ಇದ್ದಿದ್ದರೆ ನಮ್ಮ ಅತ್ತೆಯನ್ನು ಕರೆಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತಿದ್ದರು.

ಅತ್ತೆ ಎಂದರೆ ಅಪ್ಪಯ್ಯನ ತಂಗಿ. ತ್ರಾಸಿಯ ಅಂಗನವಾಡಿಯಲ್ಲಿ ಟೀಚರಾಗಿದ್ದವರು. ಇವರ ಈ ಚಾಳಿ ನಮಗೆ ಬರೀ ನಗುವ ವಿಷಯವಾಗಿಯೇ ಉಳಿಯುತ್ತಿತ್ತು, ನನ್ನ ತಂಗಿಯ ಮದುವೆ ನಿಶ್ಚಯವಾಗದಿದ್ದರೆ. ತಲ್ಲೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ತಂಗಿ, ಇನ್ನು ಇವಳಿಗೆ ಮದುವೆಯಿಲ್ಲ ಎಂದು ನೆಂಟರೆಲ್ಲ ಕೈಬಿಟ್ಟ ಮೇಲೆ, ಕೊಕ್ಕರ್ಣೆಯ ಕೃಷಿಕರೊಬ್ಬರನ್ನು ಒಪ್ಪಿದಳು. ಅವರ ಹೆಂಡತಿ ತೀರಿಹೋಗಿ ಕೆಲವು ವರ್ಷವಾಗಿತ್ತು. ಒಂಬತ್ತು ವರ್ಷದ ಮಗಳಿದ್ದಳು. ಆ ಮಗು ನನ್ನ ತಂಗಿಯನ್ನು ಒಪ್ಪುತ್ತದೋ ಇಲ್ಲವೋ ಎಂಬುದು ಎರಡೂ ಮನೆಯವರ ಚಿಂತೆ. ಆ ಮಗುವಿನ ಎದುರು ಅತ್ತೆ ಬಾಯಿ ತೆರೆದರೆ ಏನು ಗತಿ ಎಂಬುದು ನನ್ನೊಬ್ಬನ ಚಿಂತೆ. ಯಾಕೆ ಎಂದು ತಿಳಿಯಬೇಕಾದರೆ ಮೊದಲು ಆ ಬಾಯಿಯ ಪರಿಚಯವಾಗಬೇಕು.

ಉಳಿದವರ ಕಥೆ ರಾಜನ ಅರಮನೆಯಿಂದ ಶುರುವಾದರೆ ಅತ್ತೆಯ ಕಥೆ ಶುರುವಾಗುವುದು ರಾಕ್ಷಸಿಯ ಅಡುಗೆಮನೆಯಿಂದ. ಏಳು ಸಮುದ್ರದಾಚೆಯ ಗಿಣಿಯೊಳಗೆ ಜೀವ ಬಚ್ಚಿಟ್ಟ ರಾಕ್ಷಸಿಯ ಕಥೆ ಎಲ್ಲರಿಗೂ ಗೊತ್ತು. ಆದರೆ ಬಚ್ಚಿಟ್ಟದ್ದು ಯಾಕೆ? ಯೋಚಿಸಿದ್ದೀರಾ? ನಾನಂತೂ ಯೋಚಿಸಿರಲಿಲ್ಲ.

“ಮನಿಯೊಳ್ಗೆ ನಂಬುವಂಥವ್ರ್ ಒಬ್ರೂ ಇಲ್ಲೆ ಮಕ್ಳೆ” ಎನ್ನುತ್ತಿದ್ದರು ಅತ್ತೆ, ಮಡಿಲಲ್ಲೊಂದು, ಬೆನ್ನ ಮೇಲೊಂದು ಮಗುವನ್ನು ಇಟ್ಟುಕೊಂಡು. “ಜೀವ ಯಾರ ಕೈಯಂಗ್ ಕೊಡುದ್? ಕಡಿಗೆ ಒಂದ್ ಗಿಣಿ ಸಿಕ್ತ್. ದಿನಾ ಅಷ್ಟ್ ದೂರ ಹೋಯ್, ಅದ್ಕೆ ಪೇರಳೆ ಹಣ್ಣ್ ತಿನ್ಸಿ ಬಪ್ಪುದ್. ಅಂಥಾ ಗಿಣಿ ಕುತ್ಗಿ ತಿರ್ಪಿದವ್ನ್ ಶೂರ ಅಂಬ್ರ್! ಎಂತ ಶೂರ? ನಮ್ಮನಿ ಬೆಕ್ಕೂ ಮಾಡತ್ತ್ ಅದ್ನ.”

ಮಕ್ಕಳೆಲ್ಲ ಹೋ ಎಂದು ಅಳುತ್ತಿದ್ದರು. ರಾಜಕುಮಾರನಿಗಾಗಿ ಅಲ್ಲ!

ಅಂಗನವಾಡಿಯಲ್ಲಿ ಈ ಪಾಠ ಸಾಗಿದ ಒಂದೆರಡು ತಿಂಗಳಲ್ಲೇ ಊರಿನ ತಾಯಂದಿರು ಗುಂಪಾಗಿ ಬಂದರು. ಮುಂದಾಳಾಗಿ ಬಂದವಳು ಬಂದರಿನಲ್ಲಿ ಮೀನು ಏಲಂ ಕೂಗುವ ಗಟ್ಟಿ ಗಂಟಲಿನ ಹೆಂಗಸು.

“ಹ್ವಾಯ್ ಟೀಚ್ರೇ, ನೀವ್ ಎಂತ ಹೇಳ್ಕೊಟ್ಟದ್ದ್ ಮಕ್ಳಿಗೆ? ಉಂಬುಕ್ ಹಟ ಮಾಡ್ರೆ ‘ಗುಮ್ಮ ಬತ್ತಾ ಕಾಣ್’ ಅಂದೇಳಿ ಹೆದ್ರಿಸಿ ಉಣ್ಸ್ತಿದ್ದಿತ್ ನಾವ್. ಈಗ ನಮ್ಮ ಮಾಣಿ, ‘ಬರ್ಲಿ, ಗುಮ್ಮ ಉಂಡಿರ್ಲಿಕ್ಕಿಲ್ಲೆ, ಪಾಪ’ ಅಂದೇಳಿ ಅರ್ಧ ಅನ್ನ ತೆಗ್ದ್ ಹೊರ್ಗೆ ಇಡ್ತಾ!”

“ಒಳ್ಳೇದೇ ಅಲ್ದಾ?” ಎಂದರು ಅತ್ತೆ.

“ಒಳ್ಳೇದಾ? ಮೀನ್ ಹುರ್ದದ್ದ್ ಸಮೇತ ಇಡ್ತಾ ಟೀಚ್ರೇ!”

ಅತ್ತೆಯ ಮುಖ ಸಪ್ಪಗಾಯಿತು. ಮೀನಿನ ಬೆಲೆ ಅವರಿಗೂ ಗೊತ್ತಿತ್ತು. ಮರುದಿನದಿಂದ ಕಥೆ ತಿದ್ದುಪಡಿಯಾಯಿತು. ಗುಮ್ಮನಿಗೆ ಮೀನು ತಿಂದರೆ ಮೈ ತುರಿಸುತ್ತದೆ, ಅವನಿಗೆ ಬರೀ ಅನ್ನ ಸಾಕು! ಆ ವರ್ಷ ತ್ರಾಸಿಯ ಬೀದಿನಾಯಿಗಳು ಇದ್ದಷ್ಟು ದಷ್ಟಪುಷ್ಟವಾಗಿ ಮತ್ತೆಂದೂ ಇರಲಿಲ್ಲ.

ಆ ನಾಯಿಗಳಲ್ಲೇ ಒಂದು ನನ್ನನ್ನು ಕಚ್ಚಿತು. ಕೊಡೆ ಹಿಡಿದು ಅತ್ತೆಯ ಮನೆಯ ಬೇಲಿಯ ದಣಪೆ ದಾಟುವಾಗಲೇ, ಅವರ ಕಣ್ಣೆದುರೇ. ನಾನೋ ಸೊಳ್ಳೆ ಕಚ್ಚಿದರೂ ಯಾವ ಜ್ವರ ಎಂದು ಲೆಕ್ಕ ಹಾಕುವ ಮನುಷ್ಯ. “ಅಯ್ಯೋ ಸತ್ತೆ!” ಎಂದು ಕಿರುಚಿದೆ. ಅತ್ತೆ ಓಡಿ ಬಂದರು. ಬಂದವರು ಕೇಳಿದ್ದೇನು?

“ನೀನ್ ಕೊಡಿ ಬಿಡ್ಸಿಕಂಡೇ ಬಂದ್ಯಾ?”

“ಹೌದ್ ಅತ್ತೆ, ಬಿಸ್ಲ್ ಅಲ್ದಾ...”

“ಅದೇ ಕಾಣ್! ಕಪ್ಪ್ ಕೊಡಿ ಕಂಡ್ರೆ ಅದ್ಕೆ ಹೆದ್ರಿಕಿ ಮಾರಾಯ. ಮರಿಯಾಗಿಪ್ಪತ್ತಿಗೆ ಯಾರೋ ಕೊಡೆಯಂಗೆ ಹೊಡ್ದಿದ್ರ್.”

ಕುಂದಾಪುರದ ಆಸ್ಪತ್ರೆಯಲ್ಲಿ ನನಗೆ ಇಂಜೆಕ್ಷನ್. ನಾಯಿಗೆ, ಹೆದರಿಕೆ ಇಳಿಯಲೆಂದು, ಬಂಗುಡೆ ಮೀನಿನ ತಲೆ!

ಈ ವಿಷ ನನ್ನ ಮನೆಗೂ ಹತ್ತಿತು. ನಾಯಿಯದ್ದಲ್ಲ, ಕಥೆಯದ್ದು. ರಜೆಯಲ್ಲಿ ಅತ್ತೆಯ ಮನೆಗೆ ಹೋಗಿ ಬಂದ ನನ್ನ ಮಗ ಪರೀಕ್ಷೆ ಬರೆದ. ಮಂಗನ ಗುಂಡಿಗೆ ಬೇಕೆಂದು ಹಟ ಹಿಡಿದ ಮೊಸಳೆಯ ಹೆಂಡತಿಯ ಕಥೆ ಕೊಟ್ಟು, ‘ಇದರಿಂದ ನೀವು ತಿಳಿದ ನೀತಿಯೇನು?’ ಎಂದು ಕೇಳಿದ್ದರು. ಉಳಿದ ಮಕ್ಕಳು ಸ್ನೇಹಿತರಿಗೆ ಮೋಸ ಮಾಡಬಾರದು ಎಂದು ಬರೆದರೆ ನನ್ನ ಮಗ ಬರೆದದ್ದು ಹೀಗೆ: ‘ಬಸುರಿ ಹೆಂಡತಿಗೆ ದಿನಾ ಬರೀ ನೇರಳೆಹಣ್ಣು ತಂದುಕೊಡಬಾರದು. ಅವಳಿಗೆ ಏನು ಬಯಕೆ ಎಂದು ಕೇಳಬೇಕು.’

ಶಾಲೆಯಿಂದ ಕರೆ ಬಂತು. ಮಗನನ್ನು ಶಾಲೆಯಿಂದ ತೆಗೆದರೆ ಬೈಂದೂರಿನಲ್ಲಿ ಸೀಟು ಸಿಕ್ಕೀತೇ, ಬಸ್ಸಿಗೆ ಪಾಸು ಮಾಡಿಸಬೇಕೇ ಎಂದೆಲ್ಲ ಯೋಚಿಸುತ್ತ, ಬಿ.ಪಿ. ಮಾತ್ರೆಯನ್ನು ಕಿಸೆಯಲ್ಲಿಟ್ಟುಕೊಂಡು ಹೋದೆ. ಮೇಜಿನಾಚೆ ಕುಳಿತಿದ್ದ ಟೀಚರಿಗೆ ಆಗಲೇ ದಿನ ತುಂಬುತ್ತ ಬಂದಿತ್ತು. ಉತ್ತರಪತ್ರಿಕೆ ನನ್ನ ಮುಂದೆ ಹಿಡಿದರು. ಪೂರ್ತಿ ಅಂಕ!

“ಬೈಯುಕಲ್ಲ ಕರ್ದದ್ದ್” ಎಂದರು. “ಈ ಕಥಿ ಹೇಳ್ದ ಅಜ್ಜಿ ಮನಿ ಎಲ್ಲಿ? ನಮ್ಮನಿಯವ್ರನ್ನ ಒಂದ್ಸಲ ಅಲ್ಲಿಗ್ ಕಳ್ಸ್‌ಕಿತ್ತ್.”

ಇನ್ನು ಟೀವಿ ಧಾರಾವಾಹಿಯ ಕಾಲ ಬಂದಾಗ ಅತ್ತೆಗೆ ಕೈತುಂಬ ಕಕ್ಷಿದಾರರು ಸಿಕ್ಕರು. ತೆರೆಯ ಮೇಲೆ ಘಟವಾಣಿ ಅತ್ತೆಯೊಬ್ಬಳು ಸೊಸೆಯ ಹಾಲಿಗೆ ಏನೋ ಬೆರೆಸುತ್ತಿದ್ದಾಳೆ. ನಮ್ಮ ಮನೆಯ ಹೆಂಗಸರೆಲ್ಲ “ಇವ್ಳ್ ಕೈ ಸೇದಿ ಹೋಗ್ಲಿ!” ಎಂದು ಶಾಪ ಹಾಕುತ್ತಿದ್ದಾರೆ. ನಮ್ಮ ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿ ನೋಡಿ ನಿಟ್ಟುಸಿರು ಬಿಟ್ಟರು.

“ಪಾಪ, ಅವ್ಳ್ ರಾತ್ರಿ ಮನಿಕಂಬತ್ತಿಗೂ ಅಷ್ಟ್ ಭಾರದ್ ನೆಕ್ಲೇಸ್ ಹಾಯ್ಕಂಡೇ ಇರತ್ಲ್ ಕಾಣಿ. ಕುತ್ಗಿ ನೋವಿದ್ರೆ ಯಾರಿಗಾರೂ ಸಿಟ್ಟ್ ಬತ್ತಿಲ್ಯಾ?”

ಅಂದಿನಿಂದ ನನ್ನ ಹೆಂಡತಿಗೆ ಆ ಖಳನಾಯಕಿಯ ಮೇಲೆ ಸಿಟ್ಟೇ ಬಾರದಂತಾಯಿತು. ಸಿಟ್ಟಿಲ್ಲದೆ ಧಾರಾವಾಹಿ ನೋಡುವುದು ಉಪ್ಪಿಲ್ಲದ ಗಂಜಿ ಉಂಡ ಹಾಗೆ. ನೋಡುವುದನ್ನೇ ಬಿಟ್ಟಳು. ಈ ಒಂದು ಉಪಕಾರಕ್ಕೆ ಮಾತ್ರ ನಾನು ಅತ್ತೆಗೆ ಋಣಿ!

ಈಗ ಹೇಳಿ, ಇಂಥವರನ್ನು ಒಂಬತ್ತು ವರ್ಷದ ಆ ಹುಡುಗಿಯ ಹತ್ತಿರ ಬಿಡಲು ಹೇಗೆ ಧೈರ್ಯ ಬಂದೀತು? ಆ ಮಗುವಿನ ಕಿವಿಗೆ ಆಗಲೇ ಊರೆಲ್ಲ ಮಲತಾಯಿಯ ಕಥೆ ತುಂಬಿಯಾಗಿತ್ತು. ‘ಪಾಪ ಹೆಣ್ಣ್, ಇನ್ ಅದ್ರ ಗತಿ ಎಂತ ಆತ್ತೋ’ ಎಂದು ಅದರ ಎದುರೇ ತಲೆ ಸವರುವವರು ಒಬ್ಬರೇ ಇಬ್ಬರೇ? ಇದರ ಮೇಲೆ ಅತ್ತೆ ಬೇರೆ ಮಲತಾಯಿಯ ಪರ ವಾದಕ್ಕೆ ನಿಂತರೆ? ‘ಪಾಪ, ಅವ್ಳ್ ಹೊಡ್ದದ್ದ್ ಹೌದ್, ಆದ್ರೆ ಅವ್ಳಿಗೆ ಸೊಂಟನೋವಿತ್ತ್’ ಎಂದರೆ ಸಾಕು. ಮಗುವಿಗೆ ಕೇಳುವುದು ಸೊಂಟನೋವಲ್ಲ, ಹೊಡೆದದ್ದು ಹೌದು ಎಂಬುದು! ವಕೀಲರು ವಾದಿಸಿದಷ್ಟೂ ಕಕ್ಷಿದಾರರ ಮೇಲೆ ಅನುಮಾನ ಹೆಚ್ಚುವ ಕೇಸುಗಳಿರುತ್ತವೆ.

ಮದುವೆಯ ಹಿಂದಿನ ದಿನ ಅತ್ತೆಗೆ ಕೈಮುಗಿದೆ. “ಅತ್ತೆ, ನಾಳೆ ಒಂದ್ ದಿನ ಯಾವ್ ಕಥಿಯೂ ಹೇಳುಕಾಗ.”

“ಹೇಳುದಿಲ್ಲೆ ಮಾರಾಯ. ನಾನೆಂತ ಟೇಪ್ ರಿಕಾರ್ಡರಾ?”

“ಮಲತಾಯಿ ಅಂಬು ಶಬ್ದವೇ ಬಪ್ಪುಕಾಗ.”

“ಬಂದದ್ದ್ ಈಗ ನಿನ್ನ ಬಾಯಂಗೆ” ಎಂದರು ಅತ್ತೆ.

ಬ್ರಹ್ಮಾವರದ ಹಾಲಿನಲ್ಲಿ ಮದುವೆ. ಹೈವೇ ಅಗಲ ಮಾಡುವ ಧೂಳಿನಲ್ಲಿ ಮಿಂದು ಎಲ್ಲರೂ ಬಂದು ಸೇರಿದರು. ಧಾರೆಯೇನೋ ಸುಸೂತ್ರವಾಗಿ ಆಯಿತು. ಆದರೆ ಹುಡುಗಿ ಮಂಟಪದ ಹತ್ತಿರವೂ ಸುಳಿಯಲಿಲ್ಲ. ಊಟದ ಹೊತ್ತಿಗೆ ಸುದ್ದಿ ಬಂತು: ಮಗು ಅಪ್ಪನ ಜೊತೆ ವ್ಯಾನು ಹತ್ತುವುದಿಲ್ಲವಂತೆ. ಅಮ್ಮಮ್ಮನ ಮನೆಗೇ ಹೋಗಿ ಇರುತ್ತದಂತೆ.

ತಂಗಿ ನನ್ನನ್ನು ಕರೆದಳು. ಅವಳೆದುರಿನ ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು.

“ಅಣ್ಣಾ, ಆ ಹೆಣ್ಣ್ ಬಾರದಿದ್ರೆ ನಾನೂ ಹೋಪುದಿಲ್ಲೆ. ನಾ ಬಂದೆ ಅಂದೇಳಿ ಒಂದ್ ಮಗು ಮನಿ ಬಿಟ್ಟ್ ಹೋಪುದಾ?”

ತಾಳಿಯಾದ ಮೇಲೆ ಹೋಗುವುದಿಲ್ಲ ಎಂದರೆ! ನನ್ನ ತಲೆಯಲ್ಲಿ ಆಗಲೇ ಪಂಚಾಯ್ತಿ ಸೇರಿತ್ತು, ಊರು ಮಾತಾಡಿಯಾಗಿತ್ತು, ತಂಗಿಯ ಹೊಲಿಗೆ ಅಂಗಡಿಯ ಬಾಗಿಲು ಮತ್ತೆ ತೆರೆದಿತ್ತು. ಅತ್ತೆಯನ್ನಾದರೂ ಕೇಳೋಣವೆಂದರೆ ಅತ್ತೆ ಕಾಣಿಸಲಿಲ್ಲ. ಹುಡುಕುತ್ತ ಹೋದೆ. ಹಾಲಿನ ಹಿಂದಿನ ಜಗಲಿಯಲ್ಲಿ, ಮಗುಚಿ ಹಾಕಿದ ಕಡಾಯಿಗಳ ಪಕ್ಕ, ಹುಡುಗಿ ಮೊಣಕಾಲು ಮಡಚಿ ಕುಳಿತಿತ್ತು. ಪಕ್ಕದಲ್ಲಿ, ಮತ್ತೆ ಯಾರು, ನಮ್ಮ ಅತ್ತೆ! ಬಾಗಿಲ ಮರೆಯಲ್ಲಿ ನಿಂತೆ.

“ಅಜ್ಜಿ, ಮಲತಾಯಿಯವ್ರ್ ಬಡಿತ್ರಂಬ್ರ್. ಹೌದಾ?” ಎಂದಿತು ಹುಡುಗಿ.

ಮುಗಿಯಿತು ಎಂದುಕೊಂಡೆ. ಈಗ ಸೊಂಟನೋವು ಬರುತ್ತದೆ.

“ಕಥಿಯೊಳ್ಗೆ ಬಡಿತ್ರ್” ಎಂದರು ಅತ್ತೆ.

“ಎಂತಕೆ?”

ಅತ್ತೆ ಸೆರಗಿನ ತುದಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಗುಮ್ಮನಿಗೂ ನಾಯಿಗೂ ಮೊಸಳೆಗೂ ತಡವರಿಸದೆ ಕಾರಣ ಕೊಟ್ಟ ಹೆಂಗಸು!

“ನಂಗೊತ್ತಿಲ್ಲೆ ಮಗಾ. ಆ ಕಥಿ ನಂಗ್ ಬತ್ತಿಲ್ಲೆ. ಅಲ್ಲಿ ಒಳ್ಗೆ ಕೂತದ್ದ್ ಇತ್ತಲೆ, ನಮ್ಮ ಹೆಣ್ಣ್, ಅವ್ಳ್ ಮಾತ್ರ ನಂಗ್ ಗೊತ್ತ್. ಬೆಳಗಾತ ಎದ್ದ್ ಒಂದ್ ಇಡ್ಲಿ ತಿನ್ಲಿಲ್ಲೆ. ಈಗ್ಳೂ ಉಂಬುದಿಲ್ಲೆ. ಹೆದ್ರಿಕಿ ಅವ್ಳಿಗೆ.”

“ಯಾರ್ ಹೆದ್ರಿಕಿ?”

“ನಿಂದ್.”

ಹುಡುಗಿ ತಲೆಯೆತ್ತಿ ನೋಡಿತು. “ನಂದಾ?”

“ಹ್ಞೂಂ. ನೀನ್ ಎಂತ ಹೇಳ್ತ್ಯೋ, ಬ್ಯಾಡ ಅಂಬ್ಯೋ ಅಂದೇಳಿ.”

ಹುಡುಗಿ ಕಡಾಯಿಯ ಮಸಿಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ಕುಳಿತಿತು. ಅಷ್ಟರಲ್ಲಿ ಒಳಗಿನಿಂದ ಕೂಗಿದರು, “ಹೆಣ್ಣೊಪ್ಸುಕೆ ಬನ್ನಿ, ಹೊತ್ತಾಯ್ತ್!”

ನಮ್ಮಲ್ಲಿ ಊಟವಾದ ಮೇಲೆ ಹೆಣ್ಣೊಪ್ಪಿಸುವ ಕ್ರಮವಿದೆ. ಹೆಣ್ಣಿನ ಕಡೆಯ ಹಿರಿಯ ಹೆಂಗಸು ಮದುಮಗಳ ಕೈಯನ್ನು ಗಂಡಿನ ತಾಯಿಯ ಕೈಯಲ್ಲಿಟ್ಟು, ‘ಇನ್ನು ಇವಳು ನಿಮ್ಮವಳು, ಚೆನ್ನಾಗಿ ನೋಡಿಕೊಳ್ಳಿ’ ಎನ್ನಬೇಕು. ನಮ್ಮ ಅಮ್ಮ ಇಲ್ಲ. ಆ ಜಾಗದಲ್ಲಿ ಅತ್ತೆಯೇ ನಿಲ್ಲಬೇಕು. ಅತ್ತೆ ಬಂದರು. ಹುಡುಗಿ ಅವರ ಸೆರಗಿನ ಹಿಂದೆ ಬಂದು, ಕಂಬದ ಹತ್ತಿರ ನಿಂತಿತು. ಗಂಡಿನ ತಾಯಿ ಎರಡೂ ಕೈ ಚಾಚಿ ಕಾಯುತ್ತಿದ್ದರು. ಅತ್ತೆ ತಂಗಿಯ ಕೈ ಹಿಡಿದು ಆ ಕೈಗಳ ತನಕ ಹೋಗಿ, “ನೀವ್ ಬೇಜಾರ್ ಮಾಡ್ಕಂಬುಕಾಗ” ಎಂದು ದಾಟಿ, ನೇರ ಕಂಬದ ಹತ್ತಿರ ಹೋದರು. ಮದುಮಗಳ ಕೈಯನ್ನು ಮಸಿ ಹತ್ತಿದ ಆ ಪುಟ್ಟ ಕೈಯ ಮುಂದೆ ಹಿಡಿದರು.

“ಇವ್ಳಿಗೆ ನಿಮ್ಮನಿ ಎಂತದೂ ಗೊತ್ತಿಲ್ಲೆ ಮಗಾ. ನೀನೇ ನೋಡ್ಕಣ್ಕ್.”

ಹಾಲಿನಲ್ಲಿ ಪಿಸುಮಾತು ಎದ್ದಿತು. ಹೀಗೂ ಉಂಟೇ? ಗಂಡಿನ ತಾಯಿಯ ಕೈ ಚಾಚಿದಲ್ಲೇ ಉಳಿದಿತ್ತು. ನಾನು ಕಿಸೆಯಲ್ಲಿ ಮಾತ್ರೆ ಹುಡುಕುತ್ತಿದ್ದೆ. ತಂಗಿಯ ಕೈಯ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಹುಡುಗಿ ಆ ಕೈಯನ್ನೇ ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು, ಯಾರಿಗೂ ಕೇಳಬಾರದೆಂಬಂತೆ ಮೆಲ್ಲಗೆ ಹೇಳಿತು:

“ಹೆದ್ರಬ್ಯಾಡಿ. ನಾ ನಿಮ್ಗೆ ಎಂತ ಮಾಡುದಿಲ್ಲೆ.”

ತಂಗಿ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ನನ್ನ ಕನ್ನಡಕ ಮಂಜಾಗಿತ್ತು. ಅದನ್ನು ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಅವರಿಬ್ಬರೂ ವ್ಯಾನಿನ ಹತ್ತಿರ ಮುಟ್ಟಿದ್ದರು. ಹುಡುಗಿ ಮೊದಲು ಹತ್ತಿ, ಕಿಟಕಿಯ ಪಕ್ಕ ಕುಳಿತು, ಏನೋ ನೆನಪಾದಂತೆ ಎದ್ದು ಈಚೆಗೆ ಸರಿಯಿತು.

“ನೀವ್ ಕಿಟ್ಕಿ ಬದಿಗೆ ಕೂಕಣಿ” ಎಂದಿತು ನನ್ನ ತಂಗಿಗೆ. “ನಮ್ಮನಿ ರಸ್ತಿ ತುಂಬ ತಿರುವ್ ಇತ್ತ್. ತಲಿ ತಿರ್ಗ್ರೆ ನಂಗ್ ಹೇಳಿ.”