ನಮ್ಮ ಮನೆತನದ ಸೂಪರ್‌ಶಕ್ತಿ

ಸೂಪರ್‌ಹೀರೊ ಆಗುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಅದೂ ಕೇವಲ ಮೂರು ನಿಮಿಷದ ಮಟ್ಟಿಗೆ! ಏಕಸಂಬಿಯಲ್ಲಿ ಇಪ್ಪತ್ತು ವರ್ಷದಿಂದ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಜೀವ ಕೊಡುತ್ತಾ ಬಂದವನಿಗೆ ಮೂರು ನಿಮಿಷ ಏನು ಮಹಾ?

ಇದೆಲ್ಲ ಶುರುವಾದದ್ದು ಮಗಳು ಶ್ರಾವಣಿ ಶಾಲೆಯಿಂದ ತಂದ ಒಂದು ಚೀಟಿಯಿಂದ. ಅವಳು ಚಿಕ್ಕೋಡಿಯಲ್ಲಿ ನಾಲ್ಕನೆಯ ತರಗತಿ ಓದುತ್ತಾಳೆ. ಆಗ ಅವಳ ವಾರಿಗೆಯ ಮಕ್ಕಳೆಲ್ಲ ಟೀವಿಯ ಒಂದು ಕಾರ್ಟೂನಿಗೆ ಅಂಟಿಕೊಂಡಿದ್ದರು. ಅದರಲ್ಲಿ ಇಡೀ ಕುಟುಂಬವೇ ಸೂಪರ್‌ಹೀರೊ. ಅಜ್ಜ ಗುಡ್ಡ ನೂಕುತ್ತಿದ್ದನಂತೆ, ಆದ್ದರಿಂದ ಅಪ್ಪನೂ ಗುಡ್ಡ ನೂಕುತ್ತಾನೆ. ಅವ್ವ ಗೋಡೆಯೊಳಗಿಂದ ತೂರಿಹೋಗುತ್ತಾಳೆ. ಮಗಳಿಗೆ ಎರಡೂ ಬಂದು, ಅವಳು ಗುಡ್ಡದೊಳಗಿಂದಲೇ ತೂರಿಹೋಗುತ್ತಾಳೆ! ಮಕ್ಕಳ ಈ ಹುಚ್ಚನ್ನು ನೋಡಿ ಶಾಲೆಯವರು ತಮ್ಮ ಕುಟುಂಬ ದಿನಕ್ಕೆ ಅದನ್ನೇ ವಿಷಯ ಮಾಡಿದ್ದರು. ಪ್ರತಿ ಕುಟುಂಬವೂ ವೇಷ ಹಾಕಿಕೊಂಡು ಮೂರು ನಿಮಿಷಕ್ಕೆ ವೇದಿಕೆಗೆ ಬರಬೇಕು. ಪಾಲಕರು ತಮ್ಮ ಶಕ್ತಿ ತೋರಿಸಬೇಕು, ಮಗು ಅದೇ ಶಕ್ತಿ ತನಗೂ ಬಂದಿದೆ ಎಂದು ತೋರಿಸಬೇಕು.

"ನಮ್ಮ ಮನಿತನದಾಗ ಶಕ್ತಿ ಅಂದ್ರ ಕಸುವು," ಎಂದು ನನ್ನ ಅವ್ವ ಒಳಗಿನಿಂದಲೇ ಘೋಷಿಸಿದಳು. ಅವಳು ನಮ್ಮ ಜೊತೆಗೇ ಇರುತ್ತಾಳೆ. "ನಿಮ್ಮ ಮುತ್ಯಾ ಯಡೂರಾಗ ಹೊಳಿ ದಂಡಿ ಮ್ಯಾಲಿನ ಗುಂಡುಕಲ್ಲು ಎತ್ತಿ ಹೆಗಲ ಮ್ಯಾಲಿಂದ ಹಿಂದಕ ಒಗೀತಿದ್ದ. ನಿಮ್ಮಪ್ಪಗೂ ಆ ಕಸುವು ಹಂಗs ಬಂದಿತ್ತು. ಆಮ್ಯಾಲೆ..." ಎಂದವಳು ಅಜ್ಜ, ಅಪ್ಪನ ಸಾಲಿನಲ್ಲಿ ಮೂರನೆಯವನಾದ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. "ಆಮ್ಯಾಲೆ ಅದು ಅಲ್ಲಿಗೇ ನಿಂತತಿ."

ಹೆಂಡತಿ ಸುನಂದಾ ಹೊಲಿಗೆ ಮಷೀನಿನ ಮೇಲೆ ತಲೆ ಬಗ್ಗಿಸಿ ನಕ್ಕಳು. ನಾನು ಕುಗ್ಗಲಿಲ್ಲ. ಥರ್ಮೋಕೋಲಿನ ಗುಂಡುಕಲ್ಲು ಮಾಡುವುದು, ನಾನು ತಿಣುಕಾಡಿ ಎರಡು ಕೈಯಲ್ಲಿ ಎತ್ತುವುದು, ಮಗಳು ಕಿರುಬೆರಳಲ್ಲಿ ಎತ್ತುವುದು. ಯೋಜನೆ ಸಿದ್ಧ!

ಆದರೆ ಮಗಳು ಖುಷಿಪಡಲಿಲ್ಲ. ಸಂಜೆ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತು ಕೇಳಿದಳು:

"ಅಪ್ಪಾ, ಕಾರ್ಟೂನ್‌ದಾಗ ಶಕ್ತಿ ರಕ್ತದಾಗ ಬರತೈತಿ."

"ಹೂಂ."

"ಹಂಗಾರ ನಿಂದು ನನಗ ಬರೂದಿಲ್ಲಲ್ಲ?"

ಇಲ್ಲಿ ಒಂದು ಮಾತು ಹೇಳಬೇಕು. ನಾನು ಸುನಂದಾಳನ್ನು ಮದುವೆಯಾದಾಗ ಶ್ರಾವಣಿಗೆ ಮೂರು ವರ್ಷ. ಅವಳ ತಂದೆ ಕಾಯಿಲೆಯಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ಕಣ್ಣು, ಮೂಗು, ಉದ್ದನೆಯ ಬೆರಳು, ಎಲ್ಲವೂ ನಮ್ಮ ಪಡಸಾಲೆಯ ಫೋಟೊದಲ್ಲಿರುವ ಆತನವೇ. ಆ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗುಟ್ಟಲ್ಲ. ಆದರೆ ಇಷ್ಟು ನೇರವಾಗಿ ಅವಳು ಎಂದೂ ಕೇಳಿರಲಿಲ್ಲ. ಇಂಥ ಪೇಚಿನಲ್ಲಿ ಸಿಕ್ಕಾಗ ನಾನು ಯಾವಾಗಲೂ ದಂಧೆಯ ಮಾತಾಡುತ್ತೇನೆ.

"ನಮ್ಮ ಊರ ಹೊರಗಿನ ಟ್ರಾನ್ಸ್‌ಫಾರ್ಮರ್ ನೋಡಿಯಲ್ಲ? ಅದರೊಳಗ ಎರಡು ಕಾಯಿಲ್ ಇರತಾವ. ಒಂದಕ್ಕೊಂದು ತಂತಿ ಕೂಡಿರೂದಿಲ್ಲ. ಆದರೂ ಇದರ ಕರೆಂಟು ಅದಕ್ಕ ಹೋಗತೈತಿ."

"ನಡುವ ತಂತಿನs ಇಲ್ಲ?"

"ಇಲ್ಲ. ಬಾಜೂಕ ಇದ್ರ ಸಾಕು."

ಅವಳು ಯೋಚಿಸಿದಳು. "ಮುಟ್ಟಿದ್ರ ಶಾಕ್ ಹೊಡಿತೈತಿ?"

"ಭಾಳ ಹೊಡಿತೈತಿ!"

ಅವಳು ಎದ್ದು ಒಳಗೆ ಹೋದಳು. ಅರ್ಧ ನಂಬಿದ ಮುಖ. ಉಳಿದರ್ಧವನ್ನು ವೇದಿಕೆಯ ಮೇಲೆ ನಂಬಿಸಲೇಬೇಕು ಎಂದು ನಾನು ಹಠ ತೊಟ್ಟೆ. ಸಕಲ ಅನಾಹುತಗಳೂ ಇಲ್ಲಿಂದ ಶುರು!

ಮೊದಲು ಬಟ್ಟೆ. ನಿಪ್ಪಾಣಿಗೆ ಹೋಗಿ ಹೊಳೆಯುವ ನೀಲಿ ಬಟ್ಟೆ ತಂದೆ. "ದಾದಾ, ಕಾಳಜಿ ನಕೊ, ತಾಣತಂಯ!" ಚಿಂತೆ ಬೇಡ, ಹಿಗ್ಗುತ್ತದೆ ಎಂದು ಅಂಗಡಿಯವನು ಮರಾಠಿಯಲ್ಲಿ ಹೇಳಿ, ಅದನ್ನು ಎರಡೂ ಕಡೆ ಹಿಡಿದು ಎಳೆದು ತೋರಿಸಿದ. ನಿಜ, ಹಿಗ್ಗುತ್ತಿತ್ತು. ಸುನಂದಾ ಟೇಪು ಹಿಡಿದು ಬಂದಾಗ ನಾನು ಅಳತೆ ಕೊಡಲಿಲ್ಲ.

"ನನ್ನ ಸೊಂಟ ಮೂವತ್ತೆರಡು. ಬರ್ಕೊ."

"ಯಾವಾಗಿಂದು ಇದು?"

"ಮದುವಿ ಟೈಮಿಂದು."

"ಮದುವಿ ಆದಮ್ಯಾಲೆ ನೀವು ಊಟ ಮಾಡಿಲ್ಲೇನ್ರಿ?"

ಆದರೂ ಮೂವತ್ತೆರಡಕ್ಕೇ ಹೊಲಿಸಿದೆ. ತೊಟ್ಟುಕೊಂಡಾಗ ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಅನುಮತಿ ಕೇಳುತ್ತಿತ್ತು. ಕೂತರೆ ಹೊಲಿಗೆಗಳೆಲ್ಲ ನರಳುತ್ತಿದ್ದವು. ಸೂಪರ್‌ಹೀರೊಗಳು ಯಾಕೆ ಯಾವಾಗಲೂ ಎದೆ ಉಬ್ಬಿಸಿ ನಿಂತೇ ಇರುತ್ತಾರೆ ಎಂಬುದು ನನಗೆ ಅಂದು ತಿಳಿಯಿತು.

ಆಮೇಲೆ ಕಲ್ಲು. ಪಕ್ಕದ ಫ್ರಿಜ್ ಅಂಗಡಿಯಿಂದ ಥರ್ಮೋಕೋಲ್ ತುಂಡುಗಳನ್ನು ತಂದು ಅಂಟಿಸಿ, ಕೆತ್ತಿ, ದುಂಡಗೆ ಮಾಡಿದೆ. ಮೋಟಾರುಗಳಿಗೆ ಬಳಿಯುವ ಬೂದು ಬಣ್ಣಕ್ಕೆ ಥಿನ್ನರ್ ಬೆರೆಸಿ ಹಚ್ಚಿ, ಕೈ ತೊಳೆದುಕೊಂಡು ಬರುವಷ್ಟರಲ್ಲಿ ಕಲ್ಲು ಇರಲಿಲ್ಲ! ನೆಲದ ಮೇಲೆ ಬೂದು ಬಣ್ಣದ ಅಂಬಲಿ ಇತ್ತು. ಥಿನ್ನರ್ ತಗಲಿದರೆ ಥರ್ಮೋಕೋಲ್ ಕರಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಉತ್ಸಾಹದಲ್ಲಿ ನೆನಪಾಗಲಿಲ್ಲ, ಅಷ್ಟೆ.

ಅವ್ವ ಬಗ್ಗಿ ನೋಡಿದಳು. "ನಿಮ್ಮ ಮುತ್ಯಾ ಎತ್ತಿದ ಕಲ್ಲು ಒಮ್ಮೆಯೂ ಕರಗಿರಲಿಲ್ಲಪಾ."

ಎರಡನೆಯ ಕಲ್ಲಿಗೆ ಮಗಳ ಚಿತ್ರಕಲೆಯ ನೀರುಬಣ್ಣ ಹಚ್ಚಿದೆವು. ಶ್ರಾವಣಿಯೇ ಅದಕ್ಕೆ ಬಿರುಕು, ಪಾಚಿ ಬಿಡಿಸಿದಳು. ಸಾಕ್ಷಾತ್ ಬಂಡೆ! ಅಷ್ಟು ಚೆನ್ನಾಗಿ ಬಂದದ್ದೇ ಮುಂದೆ ಮುಳುವಾಯಿತು.

ಕಾರ್ಯಕ್ರಮದ ದಿನ ಸುನಂದಾ, ಅವ್ವ ಬಸ್ಸಿನಲ್ಲಿ ಮುಂದೆ ಹೋದರು. ನಾನು ಮಗಳನ್ನು ಕೂರಿಸಿಕೊಂಡು, ಬಂಡೆಯನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿ ಬೈಕಿನಲ್ಲಿ ಹೊರಟೆ. ಕಬ್ಬು ತುಂಬಿದ ಟ್ರ್ಯಾಕ್ಟರನ್ನು ದಾಟುವಾಗ ಗಾಳಿಗೆ ಹಗ್ಗ ಸಡಿಲಿ ಬಂಡೆ ಜಿಗಿಯಿತು. ರಸ್ತೆಯ ಮೇಲೆ ಬಿದ್ದು, ಪುಟಿದು, ಟ್ರ್ಯಾಕ್ಟರಿಗೆ ಎದುರಾಗಿ ಹೊರಳಿತು.

"ಯವ್ವಾ, ಸತ್ನ್ಯೋ!" ಎಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿ ಪಕ್ಕದ ಕಬ್ಬಿನ ಹೊಲಕ್ಕೆ ಹಾರಿದ.

ನಾನು ಬೈಕು ನಿಲ್ಲಿಸಿ ಓಡಿಹೋಗಿ, ಬಂಡೆಯನ್ನು ಒಂದೇ ಕೈಯಲ್ಲಿ ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಮೈಮೇಲೆ ಹೊಳೆಯುವ ನೀಲಿ ವೇಷ, ಬೆನ್ನಿಗೆ ಕೆಂಪು ಶಾಲು. ಡ್ರೈವರ್ ಕಬ್ಬಿನ ನಡುವಿನಿಂದ ತಲೆ ಹೊರಗೆ ಹಾಕಿ ನನ್ನನ್ನೇ ನೋಡಿದ. ಆಮೇಲೆ ನಿಧಾನಕ್ಕೆ ಕೈ ಮುಗಿದ. ನನ್ನ ಶಕ್ತಿಗೆ ಸಿಕ್ಕ ಮೊದಲ ಗೌರವ ಅದು. ಕೊನೆಯದೂ ಅದೇ!

ಶಾಲೆಯ ಬಯಲಿನಲ್ಲಿ ವೇದಿಕೆ ಹಾಕಿದ್ದರು. ಹಿಂದೆ ಪರದೆ ಇರಲಿಲ್ಲ, ಗುಡ್ಡದ ಗಾಳಿ ನೇರವಾಗಿ ಬೀಸುತ್ತಿತ್ತು. ಮುಂದಿನ ಸಾಲಿನಲ್ಲಿ ಮುಖ್ಯೋಪಾಧ್ಯಾಯಿನಿ, ಊರಿನ ಹಿರಿಯರು. ನಮ್ಮ ಸರದಿ ಬಂತು. ಬಂಡೆಯನ್ನು ಮೊದಲೇ ಬಟ್ಟೆ ಮುಚ್ಚಿ ಇಟ್ಟಿದ್ದೆವು. ನಾನು ಗಂಭೀರವಾಗಿ ಬಟ್ಟೆ ತೆಗೆದೆ. ಜನ "ಅಬಬಾ!" ಎಂದರು. ಮಗಳು ಮೈಕು ಹಿಡಿದು ಸ್ಪಷ್ಟವಾಗಿ ಹೇಳಿದಳು: "ಇದು ನಮ್ಮ ಮುತ್ಯಾ ಎತ್ತಿದ ಗುಂಡುಕಲ್ಲು. ಈಗ ನಮ್ಮಪ್ಪ ಎತ್ತತಾನ."

ನಾನು ಸಭೆಗೆ ಕೈ ಮುಗಿದೆ. ತೊಡೆ ತಟ್ಟಿದೆ. ಕಣ್ಣು ಮುಚ್ಚಿ, "ಹೂಂ... ಹೂಂ..." ಎಂದು ತಿಣುಕಾಡುತ್ತ ಬಗ್ಗಿದೆ. ಕೈಗೆ ಏನೂ ಸಿಗಲಿಲ್ಲ. ಕಣ್ಣು ತೆರೆದರೆ ಬಂಡೆ ಎರಡು ಮಾರು ಮುಂದೆ ಉರುಳುತ್ತಿತ್ತು! ಗಾಳಿ! ನಾನು ಬೆನ್ನಟ್ಟಿದೆ. ಅದು ವೇದಿಕೆಯ ಅಂಚು ತಲುಪಿತು. ಮುಂದಿನ ಸಾಲಿನ ಹಿರಿಯರಿಗೆ ಅದು ನಿಜವಾದ ಬಂಡೆ ಅಲ್ಲವೆಂದು ಹೇಗೆ ಗೊತ್ತಾಗಬೇಕು? ಪಾಚಿಯನ್ನೂ ಬಿಡಿಸಿದ್ದೆವಲ್ಲ! ಒಬ್ಬರು ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು. ಪುಣ್ಯಕ್ಕೆ ಹಿಂದೆ ಹುಲ್ಲಿತ್ತು, ಏನೂ ಆಗಲಿಲ್ಲ. ಮತ್ತೊಬ್ಬರು ಅವ್ವನ ಮಡಿಲಿನಲ್ಲೇ ಆಶ್ರಯ ಪಡೆದರು.

ನಾನು ಅಂಚಿನಲ್ಲಿ ಬಗ್ಗಿ ಬಂಡೆಗೆ ಕೈ ಚಾಚಿದೆ. ಆಗ ನಿಪ್ಪಾಣಿಯ ಬಟ್ಟೆ ತನ್ನ ಹಿಗ್ಗುವಿಕೆಯ ಕೊನೆ ತಲುಪಿತು.

ಚರ್ರ್!

ಮೈಕಿನಲ್ಲೂ ಕೇಳಿಸಿತಂತೆ. ನಾನು ಕೆಂಪು ಶಾಲನ್ನು ಸೊಂಟಕ್ಕೆ ಸುತ್ತಿಕೊಂಡು ಅಲ್ಲಿಯೇ ಮುದುಡಿ ಕುಳಿತೆ. ಬಂಡೆ ತೇಲುತ್ತ ಬಯಲು ದಾಟಿ ಗೇಟಿನತ್ತ ಹೊರಟಿತ್ತು. ಸಭೆಯೆಲ್ಲ ಎದ್ದು ನಿಂತಿತ್ತು. ನನಗೆ ನನ್ನ ಮಾನದ ಚಿಂತೆ ಇರಲಿಲ್ಲ. ಅದು ಹಿಂಭಾಗದಿಂದ ಆಗಲೇ ಹೋಗಿತ್ತು. ಒಂಟಿಯಾಗಿ ನಿಂತ ಮಗಳನ್ನು ನೋಡಲು ಮಾತ್ರ ಧೈರ್ಯವಾಗಲಿಲ್ಲ. ಶಕ್ತಿ ತೋರಿಸುತ್ತೇನೆ ಎಂದು ಕರೆತಂದು ಮುನ್ನೂರು ಜನರೆದುರು ನಗೆಪಾಟಲು ಮಾಡಿದೆನಲ್ಲ!

ಆಗ ಮೈಕಿನಲ್ಲಿ ಅವಳ ದನಿ ಕೇಳಿತು. ಒಂದು ಕೈ ಸೊಂಟದ ಮೇಲೆ, ಕಣ್ಣಿನ ರೆಪ್ಪೆಯೂ ಅಲುಗಲಿಲ್ಲ.

"ಯಾರೂ ಗಾಬರಿ ಆಗಬ್ಯಾಡ್ರಿ! ಇದು ಬರೇ ಟ್ರಯಲ್ ಇತ್ತು. ನಮ್ಮಪ್ಪಗ ಶಕ್ತಿ ಜಾಸ್ತಿ ಆಗಿ, ಮುಟ್ಟೂಕ್ಕಿಂತ ಮದ್ಲs ಕಲ್ಲು ಹೆದರಿ ಓಡಿ ಹೋತು!"

ಬಯಲೆಲ್ಲ ನಗು, ಚಪ್ಪಾಳೆ. ಬಿದ್ದ ಹಿರಿಯರೂ ಹುಲ್ಲಿನ ಮೇಲೆ ಕುಳಿತೇ ಚಪ್ಪಾಳೆ ತಟ್ಟಿದರು.

ಕೆಳಗೆ ಇಳಿದಾಗ ಸುನಂದಾ ಕಣ್ಣೊರೆಸಿಕೊಳ್ಳುತ್ತಿದ್ದಳು, ನಕ್ಕು ನಕ್ಕು. "ಕೇಳಿದ್ರೇನು? ಗಿರಾಕಿ ಮುಂದ ಮೋಟಾರ್ ಹೊಗಿ ಉಗುಳಿದಾಗ 'ಗಾಬರಿ ಆಗಬ್ಯಾಡ್ರಿ, ಬರೇ ಟ್ರಯಲ್' ಅಂತ ನೀವು ಹೇಳೂ ಮಾತು! ದನಿ ಸೈತ ನಿಮ್ಮದs!"

ನಿಜ. ಸೊಂಟದ ಮೇಲಿನ ಕೈಯೂ ನನ್ನದೇ. ನನ್ನ ಮೋಟಾರ್ ಅಂಗಡಿಯಲ್ಲಿ ಅವಳು ಸ್ಟೂಲಿನ ಮೇಲೆ ಕುಳಿತು ಹೋಂವರ್ಕ್ ಬರೆಯುತ್ತಾಳೆ ಎಂದುಕೊಂಡಿದ್ದೆ. ಬರೆದದ್ದು ಬೇರೆ, ಕಲಿತದ್ದು ಬೇರೆ.

ಅಷ್ಟರಲ್ಲಿ ನಮ್ಮ ಪರಿಚಯವೇ ಇಲ್ಲದ ರಾಯಬಾಗ ಕಡೆಯ ಅಜ್ಜಿಯೊಬ್ಬಳು ಬಂದು ಶ್ರಾವಣಿಯ ಗಲ್ಲ ಹಿಂಡಿದಳು. ನನ್ನತ್ತ ತಿರುಗಿ, "ಸುಳ್ಳು ಹೇಳೂದ್ರಾಗ ಥೇಟ್ ಅಪ್ಪನ್ಹಂಗ ಅದಾಳ ನೋಡು! ಮಾರಿ ನೋಡಿದ್ರs ಗೊತ್ತಾಕೈತಿ," ಎಂದಳು.

ಶ್ರಾವಣಿಯ ಮುಖ ನನ್ನ ಮುಖವನ್ನು ಯಾವ ಕಡೆಯಿಂದಲೂ ಹೋಲುವುದಿಲ್ಲ. ಅವ್ವ ಬಾಯಿ ತೆರೆಯುವಳೇನೋ ಎಂದು ನೋಡಿದೆ. ಅವ್ವ ಗಂಭೀರವಾಗಿ ಹೇಳಿದಳು: "ಹೌದವ್ವಾ. ಇವರ ಮುತ್ಯಾನೂ ಹಂಗs ಇದ್ದ. ಕಲ್ಲು ಎತ್ತತಿದ್ದ ಅಂತ ನಾನು ಹೇಳೂದು, ಆಂವಾ ನನಗ ಹೇಳಿದ್ದು. ನಾ ಏನು ನೋಡೇನಿ?"

ಶ್ರಾವಣಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಅವಳು ನನ್ನ ಬೆನ್ನ ಹಿಂದೆ ಬಂದು, ಜಾರುತ್ತಿದ್ದ ಶಾಲಿನ ಗಂಟನ್ನು ಬಿಗಿಯಾಗಿ ಕಟ್ಟಿ, ಗೇಟಿನವರೆಗೂ ಅದನ್ನು ಹಿಡಿದುಕೊಂಡೇ ನಡೆದಳು. ಮಗಳು ಹೀಗೆ ಹಿಂದಿನಿಂದ ಮಾನ ಹಿಡಿದುಕೊಂಡು ಬರುವ ಭಾಗ್ಯ ಎಷ್ಟು ಜನ ತಂದೆಯರಿಗೆ ಸಿಕ್ಕಿದೆಯೋ ಕಾಣೆ. ನನಗೆ ಸಿಕ್ಕಿದೆ. ಅದಕ್ಕಾಗಿ ಸುನಂದಾಳಿಗೂ, ಪಡಸಾಲೆಯ ಫೋಟೊದಲ್ಲಿರುವ ಆತನಿಗೂ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಎರಡೂ ಕೈ ಶಾಲು ಹಿಡಿದುಕೊಂಡಿದ್ದರಿಂದ ನಿಜವಾಗಿ ಮುಗಿಯಲು ಆಗಲಿಲ್ಲ.

ನಾಲ್ಕು ದಿನದ ಮೇಲೆ ಶಾಲೆಯಿಂದ ಕರೆ ಬಂತು. ಹೋದೆ. ಮೇಡಮ್ಮು ಶ್ರಾವಣಿಯ ಗಣಿತದ ವಹಿ ಮುಂದಿಟ್ಟರು. ಎರಡು ಪುಟ ಖಾಲಿ.

"ಯಾಕ ಬರದಿಲ್ಲ ಅಂತ ಕೇಳಿದ್ರ, 'ವೋಲ್ಟೇಜ್ ಕಡಿಮಿ ಇತ್ರಿ' ಅಂತಾಳ. ಪೆನ್ನಿಗೆ ಎಲ್ಲಿಯ ವೋಲ್ಟೇಜ್ರಿ? ಇಂಥಾ ಸುಳ್ಳು ಈ ಹುಡುಗಿಗೆ ಯಾರಿಂದ ಬಂದತ್ರಿ?"

ಮಗಳು ನನ್ನ ಪಕ್ಕದಲ್ಲೇ ನೆಲ ನೋಡುತ್ತ ನಿಂತಿದ್ದಳು. ನಾನು ಎದೆ ಉಬ್ಬಿಸಿ ನಿಂತೆ.

"ನನ್ನಿಂದರಿ!" ಎಂದೆ. "ಪೂರಾ ನನ್ನಿಂದನs ಬಂದೈತ್ರಿ!"

ಮೇಡಮ್ಮು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಆ ಮಾತನ್ನು ಡೈರಿಯಲ್ಲಿ ಅಕ್ಷರಶಃ ಬರೆದು, ಕೆಳಗೆ 'ತಂದೆಯ ಸಹಿ' ಎಂದಿದ್ದ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಒಂದಲ್ಲ, ಎರಡು ಸಲ ಸಹಿ ಹಾಕಿದೆ. ಮೊದಲನೆಯದು ಸಂತೋಷಕ್ಕೆ ಗೆರೆಯ ಆಚೆ ಹೋಗಿತ್ತು!