ಚಾರ್ಜಿಗಿಟ್ಟ ಬ್ಯಾಟರಿಯೂ ನನ್ನ ಕೆಲಸವೂ

ಬ್ಯಾಟರಿ ಚಾರ್ಜ್ ಮಾಡುವುದು ಹೇಗೆಂದು ಹೇಳಿಕೊಡುವುದೇ ನನ್ನ ಕೆಲಸ. ಜನ ಕೇಳಿಸಿಕೊಳ್ಳುತ್ತಾರೆ, ಆಮೇಲೆ ತಮಗೆ ತೋಚಿದ ಹಾಗೆ ಪಾಲಿಸುತ್ತಾರೆ. ಪಂಪ್‌ವೆಲ್ ಹತ್ತಿರದ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿಗೆ ಸೇರಿದ ದಿನವೇ ಮಾಲೀಕರು ಎಚ್ಚರಿಸಿದ್ದರು: ನವರಾತ್ರಿ ಮುಗಿಯುವವರೆಗೆ ನೋಡುತ್ತೇನೆ, ಅಷ್ಟರಲ್ಲಿ ತಪ್ಪಾಗಿ ಚಾರ್ಜ್ ಮಾಡಿ ಒಂದು ಬ್ಯಾಟರಿ ಹಾಳಾಗಿ ಬಂದರೂ ಬೇರೆ ಕೆಲಸ ಹುಡುಕಿಕೋ. ನನಗೋ ನಾಲ್ಕು ಜನರೆದುರು ಸ್ವರವೇ ಹೊರಡುವುದಿಲ್ಲ. ಇಂಗ್ಲಿಷಿನಲ್ಲಿ ಕಲಿತದ್ದನ್ನು ತಲೆಯಲ್ಲೇ ಕನ್ನಡ ಮಾಡಿ ಹೇಳುವಷ್ಟರಲ್ಲಿ ಗಿರಾಕಿ ಹೆಲ್ಮೆಟ್ ಹಾಕಿಕೊಂಡು ಆಗಿರುತ್ತದೆ.

ಬಂಗುಡೆ ಜೊತೆ

ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ತಣ್ಣಗಾಗಲಿ ಎಂದು ಉಳ್ಳಾಲದ ಮೀನು ವ್ಯಾಪಾರಿಯೊಬ್ಬರಿಗೆ ಹೇಳಿದ್ದೆ. ವಾರ ಕಳೆದು ಬ್ಯಾಟರಿ ತಂದರು. ಚೀಲ ತೆರೆಯುವ ಮೊದಲೇ ಮೀನಿನ ವಾಸನೆ ಬಂತು. ಐಸ್ ಪೆಟ್ಟಿಗೆಯಲ್ಲಿ ಬಂಗುಡೆ ಜೊತೆ ಇಟ್ಟಿದ್ದರಂತೆ. ಒಳಗೆ ನೀರು ಹೋಗಿಲ್ಲ ಎಂದು ಮೆಕ್ಯಾನಿಕ್ ಹೇಳುವವರೆಗೆ ನನ್ನ ಜೀವದಲ್ಲಿ ಜೀವ ಇರಲಿಲ್ಲ. ಅವರಿಗೆ ಬೇರೆಯೇ ಚಿಂತೆ.

"ಬ್ಯಾಟರಿ ಇರಲಿ ತಂಗಿ, ಬಂಗುಡೆ ತಿನ್ನಬಹುದಾ ಹೇಳಿ."

ನೀರು ಹತ್ತಿರ ಉಂಟು

ಹಾಸಿಗೆ, ಸೋಫಾ, ಕಾರ್ಪೆಟ್ ಮೇಲೆ ಬೇಡ, ಬರೀ ನೆಲದ ಮೇಲಿಟ್ಟು ಚಾರ್ಜ್ ಮಾಡಿ ಎಂದು ಒಬ್ಬರು ಆಂಟಿಗೆ ಹೇಳಿದ್ದೆ. ಅವರ ಫ್ಲ್ಯಾಟಿನಲ್ಲಿ ಎಲ್ಲ ಕಡೆ ಕಾರ್ಪೆಟ್. ಬರೀ ನೆಲ ಇದ್ದದ್ದು ಬಚ್ಚಲಲ್ಲಿ ಮಾತ್ರ. ಗೀಸರಿನ ಪ್ಲಗ್ಗಿಗೇ ಹಾಕಿ ಫೋಟೋ ತೆಗೆದು ಕಳಿಸಿದರು. ಫೋನ್ ಮಾಡಿ, ಕೂಡಲೇ ತೆಗೆಯಿರಿ ಎಂದೆ.

"ಹೆದರ್ಬೇಡ ಮಗಾ, ಬೆಂಕಿ ಹಿಡಿದರೆ ನೀರು ಹತ್ತಿರವೇ ಉಂಟಲ್ಲ."

ಆಯುಧ ಪೂಜೆ

ಅಂತೂ ಆಯುಧ ಪೂಜೆ ಬಂತು, ಬ್ಯಾಟರಿ ಒಂದೂ ಹಾಳಾಗಿರಲಿಲ್ಲ. ಅವತ್ತು ನೋಡಿದರೆ ಮಾಲೀಕರೇ ಒಂದು ಬ್ಯಾಟರಿಗೆ ರೇಷ್ಮೆ ಶಾಲು ಹೊದಿಸಿ, ಸೇವಂತಿಗೆ ಮಾಲೆ ಹಾಕಿ ಪೀಠದ ಮೇಲೆ ಕೂರಿಸಿದ್ದರು. ಹಸಿರು ದೀಪ ಮಿನುಗಿದರೆ ಚಂದ ಎಂದು ಚಾರ್ಜಿಗೂ ಹಾಕಿದ್ದರು. ಪೂಜೆಗೆ ಬಂದಿದ್ದ ಭಟ್ರು ಕರ್ಪೂರದ ಆರತಿಯನ್ನು ಶಾಲಿನ ಹತ್ತಿರ ತಂದಾಗ ಎಲ್ಲಿಂದ ಬಂತೋ ನನಗೆ ಸ್ವರ.

"ಸಾರ್, ಚಾರ್ಜಿಗಿಟ್ಟದ್ದಕ್ಕೆ ಬಟ್ಟೆ ಮುಚ್ಚಬಾರದು, ಬೆಂಕಿಯಂತೂ ಹತ್ತಿರ ತರಲೇಬಾರದು."

ಭಟ್ರ ಕೈ ನಿಂತಿತು. ಮಾಲೀಕರು ನಕ್ಕರು. "ಅದೆಲ್ಲ ಕಸ್ಟಮರಿಗೆ ಹೇಳಲಿಕ್ಕೆ ಭಟ್ರೇ, ನಮಗಲ್ಲ. ನೀವು ಮಾಡಿ."

ಭಟ್ರು ಮಾಡಲಿಲ್ಲ. "ನಾನು ಕಸ್ಟಮರೇ ಅಲ್ವಾ ಮಾರಾಯ್ರೇ? ಹೋದ ತಿಂಗಳು ನಿಮ್ಮಲ್ಲಿ ತಗೊಂಡ ಸ್ಕೂಟರಿನ ಬ್ಯಾಟರಿ ಈಗ ಮನೆಯಲ್ಲಿ ನಂದಾದೀಪದ ಪಕ್ಕದಲ್ಲಿ ಚಾರ್ಜಿಗೆ ಉಂಟು."

ಮಾಲೀಕರು ದೇವರ ಆರತಿ ಎಂಬುದನ್ನೂ ನೋಡದೆ ಉಫ್ ಎಂದು ಊದಿ ಆರಿಸಿದರು. ಮತ್ತೆ ನನ್ನ ಕಡೆ ತಿರುಗಿ, "ನಿನ್ನ ಕೆಲಸ ಖಾಯಂ. ಮೊದಲು ಭಟ್ರ ಮನೆಗೆ ಫೋನ್ ಮಾಡು," ಎಂದರು.